ಓದುಗರ ಪ್ರಶ್ನೋತ್ತರ: ಮಾವನವರ ಲಾಗ್‌ಬುಕ್, ಯಲಹಂಕದ ಹದ್ದು, ಅವರೆಕಾಳಿನ ಸಾರು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಾಯುಪಡೆಯ ಪೈಲಟ್‌ಗಳ ಮನೆಯವರದು. ಬೆಂಗಳೂರಿನಲ್ಲಿ ಅಂಥ ಮನೆಗಳು ಕಡಿಮೆಯೇನಲ್ಲ. ಹಾಗಾಗಿ ಆ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮಾವನವರು 1960ರ ದಶಕದಲ್ಲಿ ವಾಯುಪಡೆ ಸೇರಿ ಪೈಲಟ್ ಆಗಿದ್ದವರು. ಈ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಲಾಗ್‌ಬುಕ್‌ಗಳು, ಪದಕಗಳು, ಫೋಟೊಗಳು, ವಿಮಾನದ್ದೇ ಇರಬೇಕು ಅನ್ನಿಸುವ ಒಂದು ಮೀಟರು, ಜೊತೆಗೆ ಹಕ್ಕಿ, ಮರಗಳ ಬಗ್ಗೆ ಬರೆದಿಟ್ಟ ನೋಟ್‌ಬುಕ್ ಸಿಕ್ಕಿವೆ. ಮೊಮ್ಮಕ್ಕಳಿಗಾಗಿ ಅವರ ಬದುಕನ್ನು ಬರೆದಿಡಬೇಕು ಅಂತ ಅತ್ತೆಯವರ ಆಸೆ. ಎಲ್ಲಿಂದ ಶುರು ಮಾಡೋಣ?
– ಯಲಹಂಕ ಉಪನಗರದ ಓದುಗರು

ಉತ್ತರ: ಲಾಗ್‌ಬುಕ್ಕಿನಿಂದಲೇ ಶುರು ಮಾಡಿ. ಪೈಲಟ್ ಪ್ರತಿ ಹಾರಾಟ ಮುಗಿದ ಮೇಲೆ ತಾನೇ ಕೈಯಾರೆ ತುಂಬಿಸುವ ಪುಸ್ತಕ ಅದು. ತಿಂಗಳ ಕೊನೆಗೆ ಮೇಲಧಿಕಾರಿ ನೋಡಿ ಸಹಿ ಹಾಕಿರುತ್ತಾರೆ. ಹಾಗಾಗಿ ನೆನಪಿಗಿಂತ ನಂಬಿಕಸ್ಥ ದಾಖಲೆ.

ಎಡಗಡೆಯಿಂದ ತಾರೀಖು, ವಿಮಾನದ ಬಗೆ, ಅದರ ನಂಬರು, ಮುಖ್ಯ ಪೈಲಟ್ ಯಾರು, ಜೊತೆಗೆ ಯಾರಿದ್ದರು, ಕೆಲಸ ಏನು ಎಂಬ ಕಾಲಮ್ಮುಗಳಿರುತ್ತವೆ. ಬಲಗಡೆ ಹಗಲು, ರಾತ್ರಿ, ಒಬ್ಬರೇ, ಬೋಧಕರ ಜೊತೆ ಎಂದು ವಿಂಗಡಿಸಿದ ಸಮಯ. ಮುಖ್ಯ ಪೈಲಟ್ ಕಾಲಮ್ಮಿನಲ್ಲಿ 'ಸೆಲ್ಫ್' ಎಂದಿದ್ದರೆ ವಿಮಾನ ಅವರ ಕೈಯಲ್ಲೇ ಇತ್ತು ಅಂತ ಅರ್ಥ. ಕೆಂಪು ಶಾಯಿಯಲ್ಲಿ ಬರೆದದ್ದು ಸಾಮಾನ್ಯವಾಗಿ ರಾತ್ರಿ ಹಾರಾಟ. ಕೆಲಸದ ಕಾಲಮ್ಮಿನಲ್ಲಿ 'ಜಿಎಫ್' ಎಂದರೆ ಸಾಮಾನ್ಯ ಹಾರಾಟದ ಅಭ್ಯಾಸ, 'ಐಎಫ್' ಎಂದರೆ ಹೊರಗೆ ನೋಡದೆ ಮೀಟರುಗಳನ್ನಷ್ಟೇ ನಂಬಿ ಹಾರುವುದು. 'ಡಿಸಿಓ' ಎಂದರೆ ಒಪ್ಪಿಸಿದ ಕೆಲಸ ಆಯಿತು, 'ಡಿಎನ್‌ಸಿಓ' ಎಂದರೆ ಆಗಲಿಲ್ಲ. ಹವಾಮಾನ ಕೆಟ್ಟಿರಬಹುದು, ವಿಮಾನದಲ್ಲಿ ಏನೋ ದೋಷ ಬಂದಿರಬಹುದು. ಎಲ್ಲಾದರೂ 'ಗ್ರೀನ್ ಎಂಡಾರ್ಸ್‌ಮೆಂಟ್' ಎಂಬ ನಮೂದು ಕಂಡರೆ ಆ ಪುಟಕ್ಕೆ ಗುರುತು ಹಾಕಿಡಿ. ಆಪತ್ತಿನಲ್ಲಿ ವಿಮಾನವನ್ನು ಚೆನ್ನಾಗಿ ನಿಭಾಯಿಸಿದ್ದಕ್ಕೆ ಕೊಡುವ ಮೆಚ್ಚುಗೆ ಅದು. ಇಂಥದ್ದನ್ನು ಎಷ್ಟೋ ಪೈಲಟ್‌ಗಳು ಮನೆಯಲ್ಲಿ ಹೇಳಿಯೇ ಇರುವುದಿಲ್ಲ.

ಬಹಳ ಮಂದಿ ಎಡವುವುದು ಸಮಯ ಕೂಡುವಾಗ. ಹಳೆಯ ಲಾಗ್‌ಬುಕ್ಕಿನಲ್ಲಿ 1.45 ಎಂದಿದ್ದರೆ ಒಂದು ಗಂಟೆ 45 ನಿಮಿಷ, ಅದು ದಶಮಾಂಶವಲ್ಲ. 1.45ಕ್ಕೆ 0.50 ಕೂಡಿಸಿದರೆ 2.35 ಆಗಬೇಕು; ಕ್ಯಾಲ್ಕುಲೇಟರ್ 1.95 ಅನ್ನುತ್ತದೆ. ಎಕ್ಸೆಲ್‌ನಲ್ಲಿ ಹಾಕುವುದಾದರೆ ಚುಕ್ಕಿಯ ಬದಲು 1:45 ಎಂದು ಟೈಪ್ ಮಾಡಿ. ಒಟ್ಟು ಬರುವ ಕೋಣೆಗೆ ಸಮಯದ ಫಾರ್ಮ್ಯಾಟ್‌ಗಳಲ್ಲಿ 37:30:55 ಎಂಬ ಮಾದರಿ ಆರಿಸಿ. ಇಲ್ಲದಿದ್ದರೆ 24 ಗಂಟೆ ದಾಟಿದ ಕೂಡಲೇ ಲೆಕ್ಕ ಸೊನ್ನೆಯಿಂದ ಶುರುವಾಗಿ ಸಾವಿರಾರು ಗಂಟೆಯ ಹಾರಾಟ ಹತ್ತಿಪ್ಪತ್ತು ಗಂಟೆಯಾಗಿ ಕಾಣುತ್ತದೆ. ಪ್ರತಿ ಪುಟದ ಕೆಳಗೆ ಮಾವನವರೇ ಹಾಕಿರುವ ಮೊತ್ತಕ್ಕೆ ನಿಮ್ಮದನ್ನು ತಾಳೆ ನೋಡುತ್ತ ಹೋಗಿ.

ಆ ಕಾಲದವರಾದ್ದರಿಂದ ಮೊದಲ ಪುಟಗಳಲ್ಲಿ ಎಚ್‌ಟಿ-2 ಸಿಗುವ ಸಂಭವ ಹೆಚ್ಚು. ಎಚ್‌ಎಎಲ್ ಇದೇ ಬೆಂಗಳೂರಿನಲ್ಲಿ ರೂಪಿಸಿ 1951ರಲ್ಲಿ ಮೊದಲ ಸಲ ಹಾರಿಸಿದ ತರಬೇತಿ ವಿಮಾನ ಅದು. ಮುಂದೆ ಹಾರ್ವರ್ಡ್, ವ್ಯಾಂಪೈರ್ ಬರಬಹುದು. ವಿಮಾನದ ನಂಬರು 'ಬಿಎ' ಎಂದು ಶುರುವಾದರೆ ಹಂಟರ್, 'ಸಿ' ಎಂದಾದರೆ ಬಹುಮಟ್ಟಿಗೆ ಮಿಗ್-21.

ಇನ್ನು ಖಾಲಿ ದಿನಗಳು. ಬದುಕು ಬರೆಯುವವರಿಗೆ ಇವೇ ಮುಖ್ಯ ಅಂತ ನಮ್ಮ ಅಭಿಪ್ರಾಯ. ಒಂದು ದೊಡ್ಡ ಹಾಳೆಯಲ್ಲಿ ಮೂರು ಉದ್ದ ಗೆರೆ ಎಳೆದು ತಿಂಗಳುಗಳನ್ನು ಸಾಲಾಗಿ ಬರೆಯಿರಿ. ಮೊದಲ ಕಾಲಮ್ಮಿಗೆ ಲಾಗ್‌ಬುಕ್, ಎರಡನೆಯದಕ್ಕೆ ಹಕ್ಕಿಯ ನೋಟ್‌ಬುಕ್, ಮೂರನೆಯದಕ್ಕೆ ಅತ್ತೆಯವರ ನೆನಪು: ಯಾವ ಊರು, ಯಾವ ಕ್ವಾರ್ಟರ್ಸು, ಅಂಗಳದಲ್ಲಿ ಯಾವ ಮರ, ಯಾವ ಮಗುವಿಗೆ ಯಾವಾಗ ಜ್ವರ. ಮೊದಲ ಮಗು ಹುಟ್ಟಿದ ತಿಂಗಳ ಪುಟ ತೆಗೆದು, ಹಾರಾಟವಿಲ್ಲದ ದಿನಗಳು ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಅಂತ ನೋಡಿ. ರಜೆ ಸಿಕ್ಕಿತ್ತೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಅದೇ ವಾರ ನೋಟ್‌ಬುಕ್ಕಿನಲ್ಲಿ ಹೆರಿಗೆ ಆಸ್ಪತ್ರೆಯ ಕಾಂಪೌಂಡಿನ ಹಕ್ಕಿಯೊಂದರ ಹೆಸರಿದ್ದರೂ ಆಶ್ಚರ್ಯವಿಲ್ಲ. ಅತ್ತೆಯವರಿಗೆ 'ಮಾವನವರ ಬಗ್ಗೆ ಹೇಳಿ' ಅಂದರೆ ಮಾತು ಹೊರಡುವುದಿಲ್ಲ. 'ಈ ಜೂನ್‌ನಲ್ಲಿ ಹನ್ನೆರಡು ದಿನ ಹಾರಿಲ್ಲ, ಆಗ ಏನಾಗಿತ್ತು ಅತ್ತೆ?' ಅಂತ ಕೇಳಿ ನೋಡಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಅನುಮತಿ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಹಕ್ಕಿಯ ಪಟ್ಟಿಯನ್ನು ಬರಿಯ ಹವ್ಯಾಸ ಅಂತ ಬದಿಗಿಡಬೇಡಿ. ತಾರೀಖು, ಜಾಗ, ಹಕ್ಕಿ ಮೂರೂ ಸ್ಪಷ್ಟವಾಗಿದ್ದರೆ ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ತಾಣದಲ್ಲಿ ಹಳೆಯ ದಾಖಲೆಗಳಿಗೆಂದೇ ಇರುವ 'ಹಿಸ್ಟಾರಿಕಲ್' ವಿಭಾಗದಲ್ಲಿ ಸೇರಿಸಬಹುದು. ಹೆಬ್ಬಾಳ, ಜಕ್ಕೂರು, ಹೆಸರಘಟ್ಟದಂಥ ಕಡೆಯ ಐವತ್ತು ವರ್ಷ ಹಿಂದಿನ ಪಟ್ಟಿಗೆ ಇವತ್ತು ಬಹಳ ಬೆಲೆ. ಹೆಸರುಗಳು ಬದಲಾಗಿವೆ, ಗಮನವಿರಲಿ: ಆಗಿನ 'ಪರಯ್ಯಾ ಕೈಟ್' ಈಗಿನ ಬ್ಲ್ಯಾಕ್ ಕೈಟ್, ಅಂದರೆ ನಮ್ಮ ಮಾಮೂಲಿ ಹದ್ದು. ಖಾತ್ರಿಯಿಲ್ಲದ್ದನ್ನು ಊಹಿಸಿ ಸೇರಿಸಬೇಡಿ.

ಪದಕಗಳನ್ನು ದಯವಿಟ್ಟು ಹುಣಸೆಹುಳಿ, ಬ್ರಾಸೊ ಹಾಕಿ ತಿಕ್ಕಬೇಡಿ. ಅಂಚಿನಲ್ಲಿ ಸರ್ವಿಸ್ ನಂಬರು, ಹುದ್ದೆ, ಹೆಸರು ಕೊರೆದಿರುತ್ತದೆ, ತಿಕ್ಕಿದಷ್ಟೂ ಅಳಿಯುತ್ತದೆ. ಮೆತ್ತನೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ರಿಬ್ಬನ್ನಿಗೆ ಬಿಸಿಲು ಆಗದು. ಪದಕಗಳೂ ಕಥೆ ಹೇಳುತ್ತವೆ. 1965ರ ರಕ್ಷಾ ಪದಕ ಆಗ ಸೇವೆಯಲ್ಲಿದ್ದವರಿಗೆಲ್ಲ ಸಂದದ್ದು. ಸಮರ್ ಸೇವಾ ಸ್ಟಾರ್ ಇದ್ದರೆ ಯುದ್ಧದ ವಲಯದಲ್ಲೇ ಇದ್ದರು. ಹಾಗೆಯೇ 1971ರ ಸಂಗ್ರಾಮ್ ಪದಕ ಎಲ್ಲರದು, ಪಶ್ಚಿಮಿ ಸ್ಟಾರ್ ಪಶ್ಚಿಮ ಗಡಿಯದು, ಪೂರ್ವಿ ಸ್ಟಾರ್ ಪೂರ್ವದ್ದು.

ಕಾಗದಕ್ಕೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಶನ್ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಬಿಡಿಸಲಾಗದು, ಒಳಗೇ ಹಳದಿಯಾಗುತ್ತದೆ. ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಜೆಲ್ ಬದಲಿಸಿ. ನುಸಿಗುಳಿಗೆ ತಾಗಿಸಿ ಇಡಬೇಡಿ. ಸ್ಕ್ಯಾನ್ 600 ಡಿಪಿಐನಲ್ಲಿ ಆಗಲಿ, ಮೂರು ಪ್ರತಿ ಮೂರು ಕಡೆ ಇರಲಿ. ಅಂಟಿನ ಹಾಳೆಯ ಆಲ್ಬಮ್ಮಿನಿಂದ ಫೋಟೊ ಎದ್ದು ಬರದಿದ್ದರೆ ಎಳೆಯಬೇಡಿ, ಆಲ್ಬಮ್ಮಿನಲ್ಲಿದ್ದಂತೆಯೇ ಸ್ಕ್ಯಾನ್ ಮಾಡಿ.

ಆ ಮೀಟರಿನ ಗಾಜು ಮಾತ್ರ ತೆಗೆಯಬೇಡಿ. ಹಳೆಯ ವಿಮಾನಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಹೋದರೂ ವಿಕಿರಣ ಹೋಗಿರುವುದಿಲ್ಲ. ಉದುರಿದ ಪುಡಿ ಉಸಿರಿನಲ್ಲಿ ಒಳಹೋಗುವುದು ಅಪಾಯ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮಲಗುವ ಕೋಣೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಡಿ. ಸಂಕೇತದ ಬೆಳಕು ಹಾರಿಸುವ ಸಿಡಿಮದ್ದಿನ ಸಿಗ್ನಲ್ ಕಾಟ್ರಿಜ್‌ನಂಥದ್ದು ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಗುರುತು ಹಾಕಿದ ಸೇನಾ ನಕ್ಷೆಗಳಿದ್ದರೆ ಫೇಸ್‌ಬುಕ್ಕಿಗೆ ಹಾಕದೆ ಹತ್ತಿರದ ವಾಯುಪಡೆ ನೆಲೆಗೆ ತೋರಿಸಿ.

ಇಷ್ಟೆಲ್ಲ ಜತನ ಯಾಕೆ ಅನ್ನಿಸಿದರೆ ಕೊಡಗಿನ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಮಿಸ್ಟೇರ್ ವಿಮಾನದಿಂದ ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಉರುಳಿಸಿ ಅಲ್ಲೇ ಮಡಿದರು. ನಡೆದದ್ದೇನು ಅಂತ ಇಲ್ಲಿಯವರಿಗೆ ತಿಳಿಯಲು ಶತ್ರುಪಕ್ಷದ ಕಡೆಯ ವಿವರಗಳು ಹೊರಬರಬೇಕಾಯಿತು. ಮಹಾವೀರ ಚಕ್ರ ಸಂದದ್ದು 1988ರಲ್ಲಿ.

ಪ್ರಶ್ನೆ: ನಮ್ಮ ತಂದೆ ನಿವೃತ್ತ ವಿಂಗ್ ಕಮಾಂಡರ್, ತೀರಿಕೊಂಡು ಹದಿನೈದು ದಿನವಾಯಿತು. ಅಮ್ಮನ ಕುಟುಂಬ ಪಿಂಚಣಿಗೆ ಏನು ಮಾಡಬೇಕು?
– ಮಲ್ಲೇಶ್ವರದ ಓದುಗರು

ಉತ್ತರ: ಮರಣದ ನೋಂದಣಿ 21 ದಿನದೊಳಗೆ ಆಗಲಿ, ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸಿಡಿ. ತಂದೆಯವರ ಪಿಪಿಓ (ಪಿಂಚಣಿ ಪಾವತಿ ಆದೇಶ), ಅಮ್ಮನ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ರಕ್ಷಣಾ ಪಿಂಚಣಿಯ ಸ್ಪರ್ಶ್ ತಾಣದಲ್ಲಿ ಮರಣ ವರದಿ ಮಾಡಿ. ಬ್ಯಾಂಕಿಗೂ ತಿಳಿಸಿ, ಆಮೇಲೆ ಜಮಾ ಆದ ಪಿಂಚಣಿ ತೆಗೆಯಬೇಡಿ, ವಾಪಸ್ ಕಟ್ಟಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಗಂಟುಬೀಳುವುದು ಇನಿಷಿಯಲ್. ಪಿಪಿಓದಲ್ಲಿ ಬರೀ 'ಲಕ್ಷ್ಮಿ', ಆಧಾರ್‌ನಲ್ಲಿ 'ಕೆ ಎಸ್ ಲಕ್ಷ್ಮಿ', ಪ್ಯಾನ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದದ್ದು ಎಂದಾದರೆ ಗಣಕ ಇದನ್ನು ಮೂವರು ಅಂತ ತಿಳಿಯುತ್ತದೆ. ಮೊದಲು ಆಧಾರ್, ಪ್ಯಾನ್, ಬ್ಯಾಂಕ್ ಮೂರನ್ನೂ ಒಂದೇ ರೀತಿ ಮಾಡಿಸಿ. ಪಿಪಿಓದಲ್ಲೇ ತಪ್ಪಿದ್ದರೆ ಅಫಿಡವಿಟ್ ಜೊತೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಅಲ್ಲಿ ಅರ್ಜಿ ತುಂಬಲು ನೆರವಾಗುತ್ತಾರೆ. ಮಾಮೂಲಿ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ಅಮ್ಮನಿಗೆ 80 ತುಂಬಿದಾಗ ಅದರ ಮೇಲೆ ಶೇ 20 ಹೆಚ್ಚುವರಿ ಸಿಗುತ್ತದೆ. ಹಾಗಾಗಿ ಜನ್ಮದಿನಾಂಕ ದಾಖಲೆಯಲ್ಲಿ ಸರಿಯಿದೆಯೇ ಅಂತ ಈಗಲೇ ನೋಡಿ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದು ಮರೆಯಬೇಡಿ.

ಪ್ರಶ್ನೆ: ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದಾಗಲೆಲ್ಲ ನಮ್ಮ ಕಡೆ ಮಾಂಸದಂಗಡಿ ಮುಚ್ಚಿಸುತ್ತಾರೆ. ಹದ್ದುಗಳಿಂದ ಅಷ್ಟು ದೊಡ್ಡ ವಿಮಾನಕ್ಕೆ ನಿಜಕ್ಕೂ ಅಪಾಯವೇ? ಹಕ್ಕಿಗಳನ್ನು ಪ್ರೀತಿಸುವ ನಮ್ಮಂಥವರು ಏನು ಮಾಡಬಹುದು?
– ಜಕ್ಕೂರಿನ ಓದುಗರು

ಉತ್ತರ: ಅಪಾಯ ನಿಜ. ಹದ್ದು ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ. 700 ಗ್ರಾಮಿನ ಹದ್ದಿಗೆ ಗಂಟೆಗೆ 720 ಕಿ.ಮೀ. ವೇಗದ ವಿಮಾನ ಬಡಿದರೆ ಆ ಹೊಡೆತದ ಶಕ್ತಿ ಸುಮಾರು 14,000 ಜೂಲ್. 50 ಕಿಲೋದ ಸಿಮೆಂಟ್ ಮೂಟೆಯನ್ನು ಒಂಬತ್ತನೇ ಮಹಡಿಯಿಂದ ಬಿಟ್ಟಂತೆ. ವೇಗ ಇಮ್ಮಡಿಯಾದರೆ ಹೊಡೆತ ನಾಲ್ಕು ಪಟ್ಟು. ಹಕ್ಕಿ ಎಂಜಿನ್ನಿನೊಳಗೆ ಹೋದರೆ ಬ್ಲೇಡು ಮುರಿದು ಹಿಂದಿನ ಬ್ಲೇಡುಗಳನ್ನೂ ಕತ್ತರಿಸುತ್ತದೆ. ಹಾಕ್, ತೇಜಸ್‌ಗೆ ಇರುವುದು ಒಂದೇ ಎಂಜಿನ್. ನೆಲದ ಹತ್ತಿರ ಹೀಗಾದರೆ ಪೈಲಟ್‌ಗೆ ಯೋಚಿಸಲು ಸಿಗುವುದು ಕೆಲವೇ ಸೆಕೆಂಡು.

ಹದ್ದು ಬೆಳಗಿನ ತಂಪಿನಲ್ಲಿ ಮರದ ಮೇಲಿರುತ್ತದೆ. ಬಿಸಿಲೇರಿ ನೆಲ ಕಾದು ಬಿಸಿಗಾಳಿ ಏಳಲು ಶುರುವಾದಾಗ ಅದರ ಮೇಲೆ ಸುತ್ತು ಹಾಕುತ್ತ ಏರುತ್ತದೆ. ಪ್ರದರ್ಶನದ ವಿಮಾನಗಳೂ ಅದೇ ಹೊತ್ತಿಗೆ, ಅದೇ ಎತ್ತರದಲ್ಲಿ ಹಾರುತ್ತವೆ. ಜೊತೆಗೆ ಪ್ರದರ್ಶನ ನಡೆಯುವ ಫೆಬ್ರವರಿ ಹದ್ದುಗಳು ಮರಿ ಸಾಕುವ ಕಾಲ, ಆಹಾರಕ್ಕೆ ಓಡಾಟ ಹೆಚ್ಚು. ಅದಕ್ಕೇ 2025ರಲ್ಲಿ ಯಲಹಂಕ ನೆಲೆಯ ಸುತ್ತ 13 ಕಿ.ಮೀ.ವರೆಗೆ ಮಾಂಸ ಮಾರಾಟ ನಿಲ್ಲಿಸಿದ್ದು. ವಿಮಾನ ನಿಯಮಗಳ 91ನೇ ನಿಯಮವಂತೂ ನಿಲ್ದಾಣದ 10 ಕಿ.ಮೀ. ಒಳಗೆ ಪ್ರಾಣಿ, ಪಕ್ಷಿಗಳನ್ನು ಸೆಳೆಯುವಂತೆ ಕಸ, ಮಾಂಸದ ತ್ಯಾಜ್ಯ ಬಿಸಾಡುವುದನ್ನು ವರ್ಷವಿಡೀ ನಿಷೇಧಿಸುತ್ತದೆ. ನಮಗೆ ಕಾಣುವಂತೆ ಕೆಲವೇ ವಾರ ಅಂಗಡಿ ಮುಚ್ಚಿಸುವುದಕ್ಕಿಂತ ಇದನ್ನು ಪಾಲಿಸುವುದು ಮುಖ್ಯ. ಅಂಗಡಿಯೊಳಗೆ ತೂಗುವ ಮಾಂಸ ಹದ್ದಿಗೆ ಎಟಕುವುದಿಲ್ಲ, ರಾತ್ರಿ ಮೂಟೆ ಕಟ್ಟಿ ಕೆರೆಯಂಚಿಗೆ ಎಸೆದ ಕರುಳು, ಪುಕ್ಕ ಎಟಕುತ್ತವೆ.

ಹದ್ದನ್ನು ಬೆದರಿಸಿ ಓಡಿಸುವುದರಿಂದ ಪ್ರಯೋಜನವಿಲ್ಲ, ಆಹಾರ ಇರುವವರೆಗೆ ಇನ್ನೊಂದು ಬರುತ್ತದೆ. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಪಕ್ಷಿ ಅಧ್ಯಯನ ಮಾಡಿದ್ದು ಇದಕ್ಕೇ. ಯಾವ ಹಕ್ಕಿ, ಏನು ತಿನ್ನಲು, ಯಾವ ಹೊತ್ತಿಗೆ ಬರುತ್ತದೆ ಎಂದು ತಿಳಿಯದೆ ಉಪಾಯವಿಲ್ಲ. ರನ್‌ವೇ ಬದಿಯ ಹುಲ್ಲು ತೀರ ಗಿಡ್ಡವಾದರೆ ಟಿಟ್ಟಿಭ, ಬೆಳ್ಳಕ್ಕಿ ಹುಳ ಹೆಕ್ಕಲು ಇಳಿಯುತ್ತವೆ. ತೀರ ಬೆಳೆದರೆ ಇಲಿ ಸೇರಿ, ಇಲಿಯ ಹಿಂದೆ ಹದ್ದು ಬರುತ್ತದೆ. ಮುಂಗಾರು ಮುಂಚಿನ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಎದ್ದರೆ ಹದ್ದುಗಳ ಹಿಂಡೇ ಸೇರುತ್ತದೆ.

ನೀವು ಮಾಡಬಹುದಾದದ್ದು: ಹದ್ದುಗಳಿಗೆ ಮಾಂಸದ ಚೂರು ಎಸೆಯುವವರಿದ್ದರೆ ತಿಳಿಸಿ ಹೇಳಿ, ಬಡಾವಣೆಯ ಕಸದ ಬ್ಲ್ಯಾಕ್ ಸ್ಪಾಟ್‌ಗಳನ್ನು ಪಾಲಿಕೆಗೆ ಫೋಟೊ ಸಮೇತ ಬರೆಯಿರಿ. ಮರಿಯಿರುವ ಗೂಡನ್ನು ಕೀಳಿಸಲು ಬಿಡಬೇಡಿ. ಗಾಳಿಪಟದ ದಾರಕ್ಕೆ ಸಿಕ್ಕಿದ ಹದ್ದು ಕಂಡರೆ ದಾರ ಎಳೆಯದೆ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಟ್ಟು, ನೀರು ಕುಡಿಸಲು ಹೋಗದೆ, ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಗೆ ಮುಟ್ಟಿಸಿ.

ಪ್ರಶ್ನೆ: ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಓಡಾಡುತ್ತೇನೆ. ಯಾರವರು?
– ಸಿ.ವಿ. ರಾಮನ್ ನಗರದ ಓದುಗರು

ಉತ್ತರ: ಎಚ್‌ಎಎಲ್ ತಯಾರಿಸಿದ ಮಾರುತ್ ಜೆಟ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಬೆಂಗಳೂರಿನ ಮೇಲೆ ಮೊದಲು ಹಾರಿಸಿದ ಪರೀಕ್ಷಾ ಪೈಲಟ್. ವಿನ್ಯಾಸ ಮಾಡಿದವರು ಜರ್ಮನಿಯ ಕುರ್ಟ್ ಟಾಂಕ್ ಮತ್ತು ಅವರ ತಂಡ. ಗ್ರೂಪ್ ಕ್ಯಾಪ್ಟನ್ ದಾಸ್ 1970ರ ಜನವರಿ 10ರಂದು ಮಾರುತ್ ಪರೀಕ್ಷಿಸುವಾಗಲೇ ಪ್ರಾಣ ಬಿಟ್ಟರು. ಮಾರುತ್ ನೋಡಬೇಕಾದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೋಗಿ.

ಪ್ರಶ್ನೆ: ಮಗ ಫೈಟರ್ ಪೈಲಟ್. ರಜೆಗೆ ಬಂದಾಗ ಸಣ್ಣ ನೆಗಡಿಗೂ ಮಾತ್ರೆ ಬೇಡ ಅನ್ನುತ್ತಾನೆ, ಕುತ್ತಿಗೆ ನೋವು ಅನ್ನುತ್ತಾನೆ, ಹಿತಕವರೆ ಸಾರು ಕೂಡ ಹಾರಾಟದ ಹಿಂದಿನ ರಾತ್ರಿ ಬೇಡವಂತೆ. ಅತಿಯಾಯಿತೇನೋ?
– ಬಸವನಗುಡಿಯ ತಾಯಿಯೊಬ್ಬರು

ಉತ್ತರ: ಅತಿಯಲ್ಲ ಅಮ್ಮಾ, ಅವರು ಹೇಳುವುದು ಸರಿ. 18,000 ಅಡಿಯಲ್ಲಿ ಗಾಳಿಯ ಒತ್ತಡ ನೆಲದ ಅರ್ಧ. ಯುದ್ಧವಿಮಾನದ ಕಾಕ್‌ಪಿಟ್‌ನಲ್ಲಿ ಪ್ರಯಾಣಿಕ ವಿಮಾನದಷ್ಟು ಒತ್ತಡ ಕಾಯ್ದಿಡುವುದಿಲ್ಲ. ಹೊಟ್ಟೆಯಲ್ಲಿನ ವಾಯು ಹಿಗ್ಗುತ್ತದೆ, ಅವರೆ, ಹುರುಳಿ, ಎಲೆಕೋಸು ತಿಂದ ಮಾರನೇ ದಿನ ಆ ನೋವು ತಡೆಯಲಾಗದಷ್ಟಾಗಬಹುದು. ಹಾಗಂತ ಖಾಲಿ ಹೊಟ್ಟೆಯೂ ಆಗದು. ಇಡ್ಲಿ, ಅನ್ನ-ಮೊಸರು, ಬಾಳೆಹಣ್ಣು ಒಳ್ಳೆಯದು. ಹಿತಕವರೆಯನ್ನು ರಜೆಯ ಮೊದಲ ದಿನಗಳಿಗೆ ಇಟ್ಟುಕೊಳ್ಳಿ.

ನೆಗಡಿಯಾದಾಗ ಮೂಗಿನಿಂದ ಕಿವಿಗೆ ಹೋಗುವ ನಾಳ ಊದಿ ಮುಚ್ಚಿರುತ್ತದೆ. ಏರುವಾಗ ಗಾಳಿ ಹೇಗೋ ಹೊರಬರುತ್ತದೆ, ಇಳಿಯುವಾಗ ಒಳಹೋಗುವುದಿಲ್ಲ. ಕಿವಿತಮಟೆ ಒಳಕ್ಕೆ ಸೆಳೆದು ಹರಿಯಲೂಬಹುದು. ಅಂಗಡಿಯ ನೆಗಡಿ ಮಾತ್ರೆ ತೂಕಡಿಕೆ ತರುತ್ತದೆ. ಸ್ಕ್ವಾಡ್ರನ್ನಿನ ವೈದ್ಯರು ನಾಲ್ಕು ದಿನ ಹಾರಬೇಡ ಅಂದರೆ ಅದು ಕಪ್ಪುಚುಕ್ಕೆಯಲ್ಲ. ಮನೆಮದ್ದು, ಕಷಾಯ ಕೊಟ್ಟಿದ್ದರೂ ಅವರಿಗೆ ತಿಳಿಸಲಿ.

ಕುತ್ತಿಗೆಯ ಲೆಕ್ಕ ನೋಡಿ: ತಲೆ, ಹೆಲ್ಮೆಟ್, ಮಾಸ್ಕ್ ಸೇರಿ ಆರೂವರೆ ಕಿಲೋ ಎಂದಿಟ್ಟುಕೊಳ್ಳಿ. ತೂಕ ಒಂಬತ್ತು ಪಟ್ಟಾಗುವ 9 ಜಿ ತಿರುವಿನಲ್ಲಿ ಅದು 58 ಕಿಲೋ ದಾಟುತ್ತದೆ, ಅದೇ ಹೊತ್ತಿಗೆ ಆತ ಹಿಂದೆ ತಿರುಗಿ ನೋಡುತ್ತಿರುತ್ತಾನೆ. ರಕ್ತ ಕಾಲಿಗಿಳಿದು ಕಣ್ಣು ಮಂಜಾಗದಂತೆ ಜಿ-ಸೂಟ್ ಕಾಲು, ಹೊಟ್ಟೆ ಒತ್ತಿಹಿಡಿಯುತ್ತದೆ, ಪೈಲಟ್ ಸ್ನಾಯು ಬಿಗಿದು ಉಸಿರು ಹಿಡಿದು ಬಿಡಬೇಕು. ನಮ್ಮೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದ ಮೇಲೆ ಕೂರಿಸಿ ಇದನ್ನೇ ಕಲಿಸುವುದು. ಕುತ್ತಿಗೆಯನ್ನು ನೆಟಿಗೆ ಮುರಿಸುವವರ ಹತ್ತಿರ ಮಾತ್ರ ಕಳಿಸಬೇಡಿ. ಕೈ ಜೋಮು ಹಿಡಿದರೆ ತಡಮಾಡದೆ ವೈದ್ಯರನ್ನು ಕಾಣಲಿ. ರಜೆಯಲ್ಲಿ ಬೆಳಗಾಗೆದ್ದು ಲಾಲ್‌ಬಾಗಿನಲ್ಲಿ ನಡೆದು, ಚೆನ್ನಾಗಿ ನಿದ್ದೆ ಮಾಡಿದರೆ ಅದಕ್ಕಿಂತ ಒಳ್ಳೆಯ ಆರೈಕೆ ಇಲ್ಲ.

ಪ್ರಶ್ನೆ: ಮಗಳು ಎರಡನೇ ಪಿಯುಸಿ, ಸೈನ್ಸ್. ಚಾರಣ, ಹಕ್ಕಿ ಅಂತ ಓಡಾಡುತ್ತಾಳೆ, ಪೈಲಟ್ ಆಗಬೇಕಂತೆ. ಕನ್ನಡಕ ಇದೆ. ದಾರಿಯಿದೆಯೇ?
– ವಿಜಯನಗರದ ಓದುಗರು

ಉತ್ತರ: ಇದೆ. ಪಿಯುಸಿ ನಂತರ ಸೇರುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹೆಣ್ಣುಮಕ್ಕಳಿಗೆ 2022ರಿಂದ ತೆರೆದಿದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಫಿಸಿಕ್ಸ್, ಗಣಿತ ಬೇಕು. ಆದರೆ ದೂರದ್ದು ಮಂಜಾಗುವ ಸಮೀಪದೃಷ್ಟಿಗೆ ಕನ್ನಡಕವಿದ್ದರೆ ಅಲ್ಲಿ ಫ್ಲೈಯಿಂಗ್ ಸಿಗದು. ಇನ್ನೊಂದು ದಾರಿ ಪದವಿಯ ನಂತರ ವಾಯುಪಡೆಯ ಪ್ರವೇಶ ಪರೀಕ್ಷೆ ಏಎಫ್‌ಕ್ಯಾಟ್, 20ರಿಂದ 24ರೊಳಗೆ. ಕನ್ನಡಕ ಬೇಡವಾಗಿಸುವ ಲೇಸಿಕ್ ಶಸ್ತ್ರಚಿಕಿತ್ಸೆ ಮಾಡಿಸಿದವರನ್ನು ಅಲ್ಲಿ ಷರತ್ತಿನ ಮೇಲೆ ಪರಿಗಣಿಸುತ್ತಾರೆ: 20 ತುಂಬಿದ ಮೇಲೆ ಮಾಡಿಸಿರಬೇಕು, ಆಗಿ 12 ತಿಂಗಳು ಕಳೆದಿರಬೇಕು, ಕಣ್ಣುಗುಡ್ಡೆಯ ಉದ್ದ 25.5 ಮಿ.ಮೀ. ಮೀರಿರಬಾರದು. ಆತುರಪಟ್ಟು ಹದಿನೆಂಟಕ್ಕೇ ಮಾಡಿಸಿ ಅವಕಾಶ ಕಳೆದುಕೊಳ್ಳುವವರಿದ್ದಾರೆ. ಈಗ ಕಣ್ಣಿನ ವೈದ್ಯರ ಬಳಿ ಆ ಉದ್ದ ಅಳೆಸಿ, ಬಣ್ಣದ ದೃಷ್ಟಿ ಪರೀಕ್ಷಿಸಿ. ಎತ್ತರ ಕನಿಷ್ಠ 162.5 ಸೆಂ.ಮೀ., ಕಾಲಿನ ಉದ್ದ 99 ಸೆಂ.ಮೀ. ಬೇಕು. ಪ್ರತಿ ಸಲದ ಅಧಿಸೂಚನೆ ಓದಿ.

ಸಂದರ್ಶನ ಮೈಸೂರಿನಲ್ಲೂ ನಡೆಯುತ್ತದೆ. ಪೈಲಟ್ ಯೋಗ್ಯತೆಯ ಗಣಕ ಪರೀಕ್ಷೆ ಬದುಕಿನಲ್ಲಿ ಒಂದೇ ಸಲ. ಜ್ವರವಿದ್ದಾಗ, ನಿದ್ದೆಗೆಟ್ಟು ಹೋಗಬಾರದು. ಆಯ್ಕೆಯಾದರೆ ದುಂಡಿಗಲ್‌ನಲ್ಲಿ ತರಬೇತಿ, ನಂತರ ಫೈಟರ್‌ನವರಿಗೆ ನಮ್ಮ ಬೀದರ್‌ನಲ್ಲಿ ಹಾಕ್, ಸಾಗಣೆ ವಿಮಾನದವರಿಗೆ ಯಲಹಂಕ. 2016ರ ಜೂನ್‌ನಲ್ಲಿ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಹೊರಬಂದರು. ಆ ಬಾಗಿಲು ಈಗ ಮುಚ್ಚುವಂಥದ್ದಲ್ಲ.

ಪ್ರಶ್ನೆ: ಯಜಮಾನರಿಗೆ ಅಸ್ಸಾಮಿಗೆ ಪೋಸ್ಟಿಂಗ್. ಮಕ್ಕಳ ಕನ್ನಡ ಮರೆತುಹೋಗುವ ಭಯ.
– ಜಾಲಹಳ್ಳಿಯ ಓದುಗರು

ಉತ್ತರ: ಕೇಂದ್ರೀಯ ವಿದ್ಯಾಲಯದಲ್ಲಿ ಸೇನೆಯವರ ಮಕ್ಕಳಿಗೆ ಆದ್ಯತೆಯಿದೆ, ಟಿಸಿ ಮತ್ತು ವರ್ಗಾವಣೆ ಆದೇಶದ ಪ್ರತಿ ಕೈಯಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಕನ್ನಡಕ್ಕೆ ದಿನಾ ಹದಿನೈದು ನಿಮಿಷ ಗಟ್ಟಿಯಾಗಿ ಓದಿಸುವುದು ಸಾಕು, ವಾರಕ್ಕೊಮ್ಮೆ ಎರಡು ಗಂಟೆ ಕೂರಿಸಿದರೆ ನಿಲ್ಲುವುದಿಲ್ಲ. ಸ್ಟೋರಿವೀವರ್ ತಾಣದಲ್ಲಿ ಹಂತ ಹಂತವಾಗಿ ಜೋಡಿಸಿದ ಕನ್ನಡ ಕಥೆಗಳು ಉಚಿತ. ಅಜ್ಜ-ಅಜ್ಜಿಗೆ ವಾರಕ್ಕೊಂದು ಕಾಗದ ಬರೆಸಿ: ಅಂಗಳದಲ್ಲಿ ಕಂಡ ಒಂದು ಮರ, ಒಂದು ಹಕ್ಕಿ, ಅದರ ಕನ್ನಡ ಹೆಸರು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆದು ಕಳಿಸಲಿ, ಅಜ್ಜಿ ಹೆಸರು ಹೇಳಲಿ. ಪೆಟ್ಟಿಗೆಗಳಿಗೆ ನಂಬರು ಬಳಿಯುವಾಗ ಮಕ್ಕಳ ಕನ್ನಡ ಪುಸ್ತಕಗಳನ್ನು ಒಂದನೇ ನಂಬರಿನ ಪೆಟ್ಟಿಗೆಗೆ, ಪಾತ್ರೆ-ಹಾಸಿಗೆಯ ಜೊತೆ ಹಾಕಿ. ಕೊನೆಯ ಪೆಟ್ಟಿಗೆಗೆ ಹಾಕಿದ್ದು ಎಷ್ಟೋ ಸಲ ಮುಂದಿನ ಪೋಸ್ಟಿಂಗ್‌ವರೆಗೂ ತೆರೆಯುವುದೇ ಇಲ್ಲ.